ಮೈ ಹಗುರಾಯ್ತು ಅಂತ ಮಾತ್ರೆ ಬಿಡಬೇಡ

ಏನು ತಮ್ಮಾ, ಮೂರು ತಿಂಗಳು ಮಾತ್ರೆ ನುಂಗಿದೆ, ಮುಖಕ್ಕೆ ಕಳೆ ಬಂತು, ಇನ್ನು ಯಾಕೆ ಬೇಕು ಅಂತ ಲೆಕ್ಕ ಹಾಕುತ್ತಿದ್ದೀಯಂತೆ! ಜಾಣ ನೀನು, ಆದರೆ ಅವಸರದವನು. ಆ ಕಳೆ ಬಂದದ್ದೇ ಮಾತ್ರೆಯಿಂದ. ಬಿಟ್ಟರೆ ಎಚ್‌ಐವಿ ಕೆಲವೇ ವಾರಗಳಲ್ಲಿ ಮತ್ತೆ ತಲೆಯೆತ್ತುತ್ತದೆ. ಬಿಟ್ಟು ಬಿಟ್ಟು ನುಂಗಿದರೆ ಔಷಧಿಗೇ ಬಗ್ಗದಂತಾಗುತ್ತದೆ.

ನಮ್ಮ ಕಾಲದ ಎಚ್‌ಐವಿ ಮಾತ್ರೆ ಎಫಾವಿರೆಂಜ್ ನೀನು ಕಂಡಿಲ್ಲ. ರಾತ್ರಿ ನುಂಗಿದರೆ ತಲೆ ಗಿರ್ರೆನ್ನುತ್ತಿತ್ತು. ಬಚ್ಚಲಿಗೆ ಎದ್ದರೆ ಗೋಡೆ ಹಿಡಿದೇ ಹೋಗಬೇಕು. ಕಣ್ಣು ಮುಚ್ಚಿದರೆ ಕನಸು, ಅದೂ ಅಂತಿಂಥದಲ್ಲ. ತೀರಿಹೋದ ಅವ್ವ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು, ಸುಟ್ಟ ಹಿಟ್ಟಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಹಬ್ಬದ ದಿನ ಹೋಳಿಗೆಗೆ ತುಪ್ಪ ಸುರಿದುಕೊಂಡು ಉಂಡು ನುಂಗಿದರೆ ಅಮಲು ಇನ್ನೂ ಜಾಸ್ತಿ. ಜಿಡ್ಡಿನ ಊಟದ ಜೊತೆ ಆ ಔಷಧಿ ರಕ್ತಕ್ಕೆ ಹೆಚ್ಚು ಸೇರುತ್ತದೆ ಅಂತ ಕೌನ್ಸೆಲರ್ ತಿಳಿಸಿಕೊಟ್ಟರು. ಅಂದಿನಿಂದ ಹೊಟ್ಟೆ ಹಗುರಾದ ಮೇಲೆ, ಹಾಸಿಗೆ ಹಾಸಿಕೊಂಡೇ ನುಂಗುತ್ತಿದ್ದೆ. ಕೆಲವು ವಾರಕ್ಕೆ ಮೈ ಒಗ್ಗಿತು.

ಎಲ್ಲರಿಗೂ ಒಗ್ಗಲಿಲ್ಲ. ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಸೆಂಟರಿನ ಬೆಂಚಿನ ಮೇಲೆ ನನ್ನ ಪಕ್ಕ ಕೂರುತ್ತಿದ್ದ ಒಬ್ಬಳಿಗೆ ಮನಸ್ಸೇ ಮಂಕಾಗಿಹೋಯಿತು. ಡಾಕ್ಟರು ಬೈದಾರು ಅಂತ ಬಾಯಿಬಿಡಲಿಲ್ಲ. ಕೊನೆಗೊಮ್ಮೆ ಹೇಳಿಕೊಂಡಳು, ಯಾರೂ ಬೈಯಲಿಲ್ಲ, ಮಾತ್ರೆ ಬದಲಿಸಿದರು.

ಕಷ್ಟವೋ ಸುಖವೋ, ಔಷಧಿ ಸಿಕ್ಕಿದ್ದೇ ದೊಡ್ಡದು. 2004ರ ಏಪ್ರಿಲ್ 1ರಂದು ಸರ್ಕಾರ ಎಚ್‌ಐವಿ ಔಷಧಿ ಪುಕ್ಕಟೆ ಕೊಡಲು ಶುರುಮಾಡಿತು. ಅದಕ್ಕೂ ಮೊದಲು ಒಡವೆ ಮಾರಿ ಔಷಧಿ ಕೊಂಡವರನ್ನು ನೋಡಿದ್ದೇನೆ.

ನಿನ್ನದು ಟಿಎಲ್‌ಡಿ, ಮೂರು ಔಷಧಿ ಸೇರಿಸಿದ ಒಂದೇ ಮಾತ್ರೆ. ಎಫಾವಿರೆಂಜ್ ಜಾಗಕ್ಕೆ 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಬಂದಿದೆ. ಹೆಚ್ಚಿನವರಿಗೆ ಹಗುರ. ಆದರೂ ಕೆಲವರಿಗೆ ನಿದ್ದೆ ಕೆಡುತ್ತದೆ, ಕೆಲವರ ತೂಕ ಏರುತ್ತದೆ. ನಿದ್ದೆ ಬರದಿದ್ದರೆ ಬೆಳಿಗ್ಗೆ ನುಂಗಲೇ ಅಂತ ಡಾಕ್ಟರನ್ನು ಕೇಳು, ನೀನೇ ತೀರ್ಮಾನ ಮಾಡಬೇಡ. ಮಿರ್ಚಿ ತಿಂದು ಎದೆ ಉರಿದರೆ ಅಂಗಡಿಯ ಆಂಟಾಸಿಡ್ ಜೊತೆಗೇ ಕುಡಿದುಬಿಡಬೇಡ, ಮಾತ್ರೆ ಮೈಗೆ ಹತ್ತುವುದಿಲ್ಲ. ಮಾತ್ರೆ ನುಂಗಿ ಎರಡು ತಾಸಾದರೂ ಕಳೆಯಲಿ. ಟಿಬಿಗೆ ಔಷಧಿ ಶುರುಮಾಡಿದರೆ ಆವತ್ತೇ ಸೆಂಟರಿಗೆ ತಿಳಿಸು; ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗಬಹುದು.

ಮದುವೆಯ ಚಿಂತೆ ನಿನಗಿದೆ, ಗೊತ್ತು ನನಗೆ. ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದರೆ, ಕೂಡಿ ಮಲಗಿದರೂ ಸಂಗಾತಿಗೆ ಸೋಂಕು ದಾಟುವುದಿಲ್ಲ. ಹುಡುಗಿಗೆ ವಿಷಯ ಹೇಳು, ಬೇಕಾದರೆ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗು. ಅದಕ್ಕೂ ಮೊದಲು ನಿನ್ನ ವೈರಲ್ ಲೋಡ್ ಪರೀಕ್ಷೆ ಯಾವಾಗ ಅಂತ ಕೇಳಿಕೊಂಡು ಬಾ.