ಅಮ್ಮನ ಮಂಡಿ ಆಪರೇಷನ್ನಿಗೆ ಮೊದಲು

ಪ್ರೀತಿಯ ಮಗೂ,

ಅಮ್ಮನ ಎಕ್ಸ್‌ರೇ ವಾಟ್ಸಾಪಿನಲ್ಲಿ ಬಂತು. ಯಾವ ಕಂಪನಿಯ ಕೀಲು ಹಾಕಿಸೋಣ, ರೋಬೋಟ್ ಬೇಕೇ ಎಂದು ಕೇಳಿದ್ದೀಯ. ಎರಡೂ ಮಂಡಿ ಬದಲಿಸಿಕೊಂಡು ಓಡಾಡುತ್ತಿರುವವಳಾಗಿ ಹೇಳುತ್ತೇನೆ: ಎಕ್ಸ್‌ರೇ ಒಂದನ್ನೇ ನೋಡಿ ಆಪರೇಷನ್ ಮಾಡಿಸಬೇಡ. ಮೂಳೆಗೆ ಮೂಳೆ ತಾಗಿದ್ದರೂ ಮಾರ್ಕೆಟ್ಟಿಗೆ ನಡೆದು ಹೋಗಿಬರುವವರಿದ್ದಾರೆ. ನೋವಿಗೆ ರಾತ್ರಿ ಎಚ್ಚರವಾಗುತ್ತದೆಯೇ, ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟಿದ್ದಾರೆಯೇ, ಅಮ್ಮನನ್ನೇ ಕೇಳು. ಇಲ್ಲವೆಂದರೆ ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮವನ್ನು ಕೆಲವು ತಿಂಗಳು ಮಾಡಿಸು. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ಮಂಡಿಯ ಒಳಮಗ್ಗುಲು ಮಾತ್ರ ಸವೆದು, ಒಳಗಿನ ಲಿಗಮೆಂಟುಗಳು ಗಟ್ಟಿಯಿದ್ದರೆ ಅರ್ಧ ಮಂಡಿಯನ್ನಷ್ಟೇ ಬದಲಿಸಬಹುದು. ಇದು ಸಾಧ್ಯವೇ ಎಂದು ಡಾಕ್ಟರನ್ನು ಕೇಳಲೇಬೇಕು. ಕೆಲವರು ತಾವಾಗಿ ಹೇಳುವುದಿಲ್ಲ. ಇನ್ನೂ ವಯಸ್ಸಾಗದ, ಕಾಲು ಬಿಲ್ಲಿನಂತೆ ಬಾಗಿದವರಿಗೆ ಮೂಳೆ ಕೊಯ್ದು ನೇರ ಮಾಡುವ ಆಪರೇಷನ್ ಇದೆ, ಅಮ್ಮನ ವಯಸ್ಸಿಗೆ ಅದರ ಮಾತು ಬೇಡ. ಉಳಿದದ್ದು ಪೂರ್ತಿ ಬದಲಾವಣೆ. 2000ದಲ್ಲಿ ವಾಜಪೇಯಿಯವರು ಪ್ರಧಾನಿಯಾಗಿದ್ದಾಗ ಮುಂಬಯಿಯಲ್ಲಿ ಎಡಮಂಡಿಗೆ, ಮರುವರ್ಷ ಬಲಮಂಡಿಗೆ ಮಾಡಿಸಿಕೊಂಡರಲ್ಲ, ಅದೇ. ಇವತ್ತಿನ ಕೀಲುಗಳಲ್ಲಿ ಬಹುಪಾಲು ಹದಿನೈದು ವರ್ಷಕ್ಕೂ ಮೇಲೆ ಬಾಳುತ್ತವೆ.

ದುಡ್ಡಿನ ಮಾತು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೀಲುಗಳ ಬೆಲೆಗೆ ಮಿತಿ ಹಾಕಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ಗೊತ್ತುಮಾಡಿದ್ದು ತೆರಿಗೆ ಬಿಟ್ಟು 54,720 ರೂಪಾಯಿ. ಹಾಗಾಗಿ ಬಿಲ್ಲು ಏರುವುದು ಬೇರೆ ಬಾಬ್ತುಗಳಲ್ಲಿ. ವಿವರ ಬರೆಸಿಕೋ. ರೋಬೋಟ್ ಮೂಳೆ ಕೊಯ್ಯುವ ಅಳತೆಯನ್ನು ನಿಖರ ಮಾಡುತ್ತದೆ, ನಿಜ. ವರ್ಷದ ಮೇಲೆ ನಡಿಗೆ ನೋಡಿ ಯಾರಿಗೆ ರೋಬೋಟ್, ಯಾರಿಗೆ ಬರೀ ಕೈ ಎಂದು ಹೇಳುವುದು ಕಷ್ಟ. ಅದಕ್ಕಿಂತ ಈ ಡಾಕ್ಟರು ವರ್ಷಕ್ಕೆ ಎಷ್ಟು ಮಂಡಿ ಮಾಡುತ್ತಾರೆ ಎಂದು ಕೇಳು, ಸಂಕೋಚಪಡಬೇಡ. ಅಮ್ಮನ ಸಕ್ಕರೆ ಹತೋಟಿಗೆ ಬರಲಿ, ಹುಳುಕು ಹಲ್ಲಿದ್ದರೆ ಮೊದಲೇ ತೋರಿಸಿಬಿಡು. ಹೊಸ ಕೀಲಿಗೆ ಸೋಂಕು ತಗುಲಿದರೆ ಪಡಿಪಾಟಲು ಹೇಳತೀರದು.

ಆಪರೇಷನ್ ಒಂದೆರಡು ಗಂಟೆಯ ಕೆಲಸ. ಅಸಲು ಕೆಲಸ ಆಮೇಲಿನ ಆರು ವಾರದ್ದು. ಅದೇ ದಿನವೋ ಮರುದಿನವೋ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಫಿಸಿಯೋ ಬಂದು ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, 'ಮಂಡಿ ಹಾಸಿಗೆಗೆ ಒತ್ತಿ ಅಮ್ಮಾ, ಐದು ಎಣಿಸಿ' ಎನ್ನುತ್ತಾಳೆ. ಕಣ್ಣಲ್ಲಿ ನೀರು ಬರುತ್ತದೆ. ಬರಲಿ. ನೋಡಲು ಬಂದ ಚಿಕ್ಕಮ್ಮ ಅಯ್ಯೋ ಪಾಪ ಎಂದು ಮಂಡಿ ಕೆಳಗೆ ದಿಂಬು ತುರುಕುತ್ತಾಳೆ, ಅದನ್ನು ನೀನು ಕಿತ್ತಿಡಬೇಕು. ದಿಂಬಿನ ಮೇಲೆ ಬಾಗಿದಂತೆಯೇ ಕೂತ ಮಂಡಿ ಪೂರ್ತಿ ನೇರವಾಗುವುದಿಲ್ಲ, ನೇರವಾಗದ ಕಾಲು ಜನ್ಮಪೂರ್ತಿ ಕುಂಟುತ್ತದೆ. ಎಲ್ಲರೂ ಎಷ್ಟು ಮಡಿಸಿದರು ಎಂದೇ ಕೇಳುತ್ತಾರೆ. ನೀನು ಎಷ್ಟು ನೇರವಾಯಿತು ಎಂದು ಕೇಳು. ನೋವಿನ ಮಾತ್ರೆ ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ಕೊಡು, 'ಮಾತ್ರೆ ಉಷ್ಣ' ಎಂದು ಅಮ್ಮ ತಪ್ಪಿಸಿದರೆ ಬಿಡಬೇಡ.

ಮೂರನೇ ವಾರದ ಹೊತ್ತಿಗೆ 'ಯಾಕಾದರೂ ಮಾಡಿಸಿಕೊಂಡೆನೋ' ಎಂದು ಅಳಬಹುದು. ನಾನೂ ಅಂದಿದ್ದೆ. ಗಾಯದ ಹೊರಮಗ್ಗುಲು ಮರಗಟ್ಟುವುದು, ನಡೆದಾಗ ಟಕ್ ಎನ್ನುವುದು, ತಿಂಗಳುಗಟ್ಟಲೆ ಮಂಡಿ ಬಿಸಿಯಿರುವುದು ಗಾಬರಿಪಡುವಂಥವಲ್ಲ. ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು, ಗಾಯ ಒಸರಿ ಜ್ವರ ಬರುವುದು ಹಾಗಲ್ಲ. ತಕ್ಷಣ ಆಪರೇಷನ್ ಮಾಡಿದವರಲ್ಲಿಗೇ ಓಡು, ಬೀದಿ ಕೊನೆಯ ಕ್ಲಿನಿಕ್ಕಿನಲ್ಲಿ ಆಂಟಿಬಯಾಟಿಕ್ ಬರೆಸಬೇಡ.

ಹತ್ತರಲ್ಲಿ ಒಬ್ಬಿಬ್ಬರಿಗೆ ಪೂರ್ತಿ ಸಮಾಧಾನ ಸಿಗುವುದಿಲ್ಲ, ಅದೂ ಅಮ್ಮನಿಗೆ ತಿಳಿದಿರಲಿ. ನೆಲದ ಮೇಲೆ ಚಕ್ಕಲಮಕ್ಕಲ ಹಾಕಿ ಕೂರುವುದು, ದೇವರ ಮುಂದೆ ಮಂಡಿಯೂರುವುದು ಹೆಚ್ಚಿನವರಿಗೆ ಮತ್ತೆ ಬರುವುದಿಲ್ಲ. ಪೂಜೆಗೆ ಸ್ಟೂಲ್ ಸಾಕಲ್ಲವೇ ಎಂದು ಈಗಲೇ ಮಾತಾಡಿಕೊಳ್ಳಿ. ಕಮೋಡ್ ಹಾಕಿಸಿ, ಪಕ್ಕದಲ್ಲಿ ಹಿಡಿ ಕೂರಿಸು, ಜಾರುವ ಕಾಲೊರಸುಗಳನ್ನು ತೆಗೆದುಬಿಡು.

ವಾಕರ್ ಕೊಳ್ಳಬೇಡ. ನನ್ನದು ಅಟ್ಟದ ಮೇಲಿದೆ. ತಾರೀಖು ಗೊತ್ತಾದರೆ ಫೋನ್ ಮಾಡು, ಇಳಿಸಿ ಒರೆಸಿಡುತ್ತೇನೆ.

ನಿನ್ನ ದೊಡ್ಡಮ್ಮ