ದೇಹದ ಹಕ್ಕು ಮತ್ತು ನಮ್ಮ ಸಂಕಲ್ಪ

ಸಕ್ಕರೆ ಕಾಯಿಲೆಯಿದೆಯೆಂದು ವೈದ್ಯರು ತಿಳಿಸಿದ ದಿನ ಮನುಷ್ಯನು ಮಾಡುವ ಸಂಕಲ್ಪಗಳನ್ನು ನೀವು ಕಂಡಿರಬಹುದು. ನಾಳೆಯಿಂದ ಅನ್ನ ಮುಟ್ಟುವುದಿಲ್ಲ, ಬೆಳಿಗ್ಗೆ ಎರಡು ಗಂಟೆ ನಡೆಯುತ್ತೇನೆ, ರಾತ್ರಿ ಬರೇ ಸೌತೆಕಾಯಿ. ಮೊದಲ ವಾರ ಮನೆಯವರೆಲ್ಲ ಬೆರಗಾಗುತ್ತಾರೆ. ಎರಡನೆಯ ವಾರ ಮೊಣಕಾಲು ನೋಯುತ್ತದೆ. ಮೂರನೆಯ ವಾರ ಒಂದು ಮದುವೆ ಬರುತ್ತದೆ, ಬಿರಿಯಾನಿಯ ಮುಂದೆ ಪಥ್ಯ ಮುರಿಯುತ್ತದೆ. ಆ ಬಳಿಕ, ಇದೆಲ್ಲ ನಮ್ಮಿಂದಾಗುವ ಕೆಲಸವಲ್ಲ ಎಂಬ ತೀರ್ಮಾನ! ಬಿರಿಯಾನಿ ಒಂದು ಹೊತ್ತಿನದು. ಈ ತೀರ್ಮಾನ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ.

ಹದೀಸ್ ಗ್ರಂಥಗಳಲ್ಲಿರುವ ಒಂದು ಘಟನೆಯನ್ನು ಇಲ್ಲಿ ಗಮನಿಸೋಣ. ಹ. ಅಬ್ದುಲ್ಲಾ ಬಿನ್ ಅಮ್ರ್(ರ) ಯುವಕರಾಗಿದ್ದಾಗ ಪ್ರತಿದಿನವೂ ಉಪವಾಸವಿರಲು, ರಾತ್ರಿಯಿಡೀ ನಮಾಝಿನಲ್ಲಿ ನಿಲ್ಲಲು ನಿರ್ಧರಿಸಿದ್ದರು. ತಂದೆಯು ಸೊಸೆಯೊಡನೆ ಮಗನ ಕುರಿತು ವಿಚಾರಿಸಿದಾಗ ಆಕೆ ಪತಿಯನ್ನು ಹೊಗಳುತ್ತಲೇ, ಅವರು ತನ್ನ ಬಳಿ ಸುಳಿದೇ ಇಲ್ಲವೆಂಬುದನ್ನು ಸೂಚ್ಯವಾಗಿ ತಿಳಿಸಿದರು. ವಿಷಯ ಪ್ರವಾದಿವರ್ಯರ(ಸ) ಬಳಿಗೆ ಹೋಯಿತು. ಶರೀರಕ್ಕೆ, ಕಣ್ಣಿಗೆ, ಪತ್ನಿಗೆ, ಮನೆಗೆ ಬರುವ ಅತಿಥಿಗೆ ಹಕ್ಕಿದೆಯೆಂದು ಅವರು ನೆನಪಿಸಿ, ತಿಂಗಳಿಗೆ ಮೂರು ಉಪವಾಸ ಸಾಕೆಂದರು. ಯುವಕರಿಗೆ ಸಮಾಧಾನವಾಗಲಿಲ್ಲ. ಇನ್ನೂ ಶಕ್ತಿಯಿದೆಯೆಂದು ಮತ್ತೆ ಮತ್ತೆ ಕೇಳಿಕೊಂಡು, ಕೊನೆಗೆ ಪ್ರವಾದಿ ದಾವೂದರ(ಅ) ಕ್ರಮದಂತೆ ದಿನ ಬಿಟ್ಟು ದಿನ ಉಪವಾಸವಿರಲು ಅನುಮತಿ ಪಡೆದರು.

ಮುಂದೆ ನಡೆದುದನ್ನು ನಮ್ಮ ಭಾಷಣಗಳಲ್ಲಿ ಹೇಳುವುದು ಕಡಿಮೆ. ಮುಪ್ಪು ಬಂದಾಗ ಅವರು, ಪ್ರವಾದಿವರ್ಯರು(ಸ) ಕೊಟ್ಟ ರಿಯಾಯಿತಿಯನ್ನೇ ಸ್ವೀಕರಿಸಿದ್ದರೆ ಎಷ್ಟು ಚೆನ್ನಾಗಿತ್ತೆಂದು ಹಂಬಲಿಸಿದರು. ಆದರೂ ಕ್ರಮ ಬಿಡಲಿಲ್ಲ. ಶಕ್ತಿ ಬೇಕೆನಿಸಿದಾಗ ಕೆಲವು ದಿನ ಉಪವಾಸ ನಿಲ್ಲಿಸಿ, ಆ ದಿನಗಳನ್ನು ಎಣಿಸಿಟ್ಟುಕೊಂಡು, ಬಳಿಕ ಅಷ್ಟೇ ಉಪವಾಸಗಳನ್ನು ಪೂರೈಸುತ್ತಿದ್ದರು. ಅದು ಆರಾಧನೆಯ ವಿಷಯ ನಿಜ. ಆದರೆ ಅಳತೆಯ ಪಾಠ ನಮ್ಮ ಪಥ್ಯಕ್ಕೂ ಸಲ್ಲುತ್ತದೆ. ಸಂಕಲ್ಪ ಮಾಡುವಾಗ ಇಂದಿನ ಹುರುಪನ್ನು ನೋಡಬೇಡಿ. ಜ್ವರ ಬಂದ ವಾರದಲ್ಲಿ, ಅಂಗಡಿಯಲ್ಲಿ ಗಿರಾಕಿಗಳು ತುಂಬಿದ ಹಬ್ಬದ ಮುನ್ನಾದಿನದಲ್ಲಿ ಎಷ್ಟು ಸಾಧ್ಯ? ಅದೇ ನಿಮ್ಮ ಆರಂಭದ ಅಳತೆ.

ಇಷ್ಟು ಸಣ್ಣದರಿಂದ ಏನು ಪ್ರಯೋಜನವೆಂದು ನೀವು ಕೇಳಬಹುದು. ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯ ಮೇಲೆ ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ದಿನಕ್ಕೆ ಅರ್ಧ ಗಂಟೆಯ ನಡಿಗೆ, ಸಕ್ಕರೆ ಮತ್ತು ಎಣ್ಣೆಯಲ್ಲಿ ಮಿತ. ಮುಖ್ಯವಾಗಿ ಇಷ್ಟೇ ಸಲಹೆ. ಮೂರು ವರ್ಷಗಳಲ್ಲಿ ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ನೂರಕ್ಕೆ 55 ಮಂದಿ ಮಧುಮೇಹಿಗಳಾದರೆ, ಈ ಕ್ರಮ ಪಾಲಿಸಿದವರಲ್ಲಿ ಸುಮಾರು 39 ಮಂದಿ ಮಾತ್ರ ಆದರು. ಸೋಜಿಗವೆಂದರೆ ಇವರ ತೂಕ ಹೆಚ್ಚೇನೂ ಇಳಿದಿರಲಿಲ್ಲ. ಆದುದರಿಂದ ತಿಂಗಳಿಗೆ ಇಷ್ಟು ಕಿಲೋ ಇಳಿಸುತ್ತೇನೆಂಬ ಗುರಿ ಬೇಡ. ತೂಕ ನಮ್ಮ ಕೈಯಲ್ಲಿಲ್ಲ, ನಡಿಗೆ ಇದೆ.

ಚಹಾವನ್ನೇ ತೆಗೆದುಕೊಳ್ಳಿ. ದಿನಕ್ಕೆ ಐದು ಲೋಟ, ಒಂದೊಂದಕ್ಕೆ ಎರಡು ಚಮಚ ಸಕ್ಕರೆಯಾದರೆ ಹತ್ತು ಚಮಚ, ಅಂದರೆ 40 ಗ್ರಾಮಿಗೂ ಮಿಕ್ಕಿ. ಒಮ್ಮೆಲೇ ಬಿಟ್ಟವನು ಹತ್ತನೆಯ ದಿನ ಮರಳುತ್ತಾನೆ. ಒಂದೂವರೆ ಚಮಚಕ್ಕೆ ಇಳಿಸಿ, ಎರಡು ವಾರದ ಬಳಿಕ ಒಂದಕ್ಕೆ ಇಳಿಸಿದರೆ ನಾಲಿಗೆಗೆ ಅಷ್ಟು ತಿಳಿಯುವುದಿಲ್ಲ. ಮದುವೆಗೆ ಹೋಗಿ, ಉಣ್ಣಿ. ಎರಡನೆಯ ಸಲ ಬಡಿಸಿಕೊಳ್ಳಬೇಡಿ. (ಬೇಡವೆಂದರೂ ತಟ್ಟೆಗೆ ಸುರಿಯುವುದನ್ನು ಆತಿಥ್ಯವೆಂದು ತಿಳಿದವರೂ ಇದನ್ನು ಓದಲಿ.)

ಸಹೋದರಿಯರ ವಿಷಯದಲ್ಲಿ ಒಂದು ಮಾತು. ಯಜಮಾನರ ಪಥ್ಯಕ್ಕೆ ಬೇರೆ, ಮಕ್ಕಳಿಗೆ ಬೇರೆ ಅಡುಗೆ ಮಾಡಿ, ಉಳಿದುದನ್ನು ತಾನು ಉಣ್ಣುವ ತಾಯಿಗೂ ಕಾಯಿಲೆ ಬರುತ್ತದೆ. ಆಕೆ ನಡೆಯಲು ಅರ್ಧ ಗಂಟೆ ಸಿಗಬೇಕಾದರೆ ಆ ಹೊತ್ತಿನಲ್ಲಿ ಮಗುವನ್ನು ಯಾರಾದರೂ ಎತ್ತಿಕೊಳ್ಳಬೇಕು. ಇದನ್ನು ಪುರುಷರಿಗೇ ಹೇಳುತ್ತಿದ್ದೇನೆ.

ಇನ್ನು, ಒಂದು ದಿನ ತಪ್ಪಿದರೆ? ಹೊಸ ಅಭ್ಯಾಸ ಬೇರೂರುವ ಬಗೆಯನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಮಂದಿಯಲ್ಲಿ ಪರಿಶೀಲಿಸಿದರು. ಅದಕ್ಕೆ ಸಾಧಾರಣವಾಗಿ 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರ ಲೆಕ್ಕ 254 ದಿನಗಳವರೆಗೂ ಹೋಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂತಹ ಹಾನಿಯಾಗಲಿಲ್ಲ. ತಪ್ಪಿದ ನಾಲ್ಕು ದಿನದ ನಡಿಗೆಯನ್ನು ಒಂದೇ ದಿನ ನಡೆದು ತೀರಿಸಲು ಮಾತ್ರ ಹೋಗಬೇಡಿ, ಮೊಣಕಾಲು ಕ್ಷಮಿಸುವುದಿಲ್ಲ.

ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಬಾರದು, ರಕ್ತದ ಸಕ್ಕರೆ ಥಟ್ಟನೆ ಕುಸಿದೀತು. ಉಳಿದವರು ಇಂದು ಇಶಾ ನಮಾಝಿನ ಬಳಿಕ ಹತ್ತು ನಿಮಿಷ ನಡೆಯಿರಿ. ಮನೆಗೆ ಬಂದು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆಯಿರಿ. ನಡೆಯದ ದಿನ ಸೊನ್ನೆ ಹಾಕಿ. ತಿಂಗಳ ಕೊನೆಗೆ ಗೆರೆಗಳು ಇಪ್ಪತ್ತು ದಾಟಿದ್ದರೆ ಹತ್ತನ್ನು ಹದಿನೈದು ಮಾಡಿ; ಇಲ್ಲವಾದರೆ ಇನ್ನೊಂದು ತಿಂಗಳು ಹತ್ತೇ ಇರಲಿ.