ನಾಲ್ಕು ಪ್ರೊಸೆಸರ್, ಒಂದು ತಂಡ: ಸೇನೆ ಮತ್ತು ಸೂಪರ್ ಕಂಪ್ಯೂಟರ್ ಕ್ಷೇತ್ರಗಳಲ್ಲಿ ನಾಯಕತ್ವ



ಕಂಪ್ಯೂಟರ್ ಸೈನ್ಸ್ ತರಗತಿ ಮುಗಿದ ಮೇಲೆ ನಿಮ್ಮಲ್ಲಿ ಕೆಲವರು ನನ್ನ ಬಳಿ ಬಂದು ಎರಡು ಪ್ರಶ್ನೆ ಕೇಳುತ್ತೀರಿ. "ಸರ್, ಸೇನೆಯಲ್ಲಿ ಅಧಿಕಾರಿ ಆಗಬೇಕಾದರೆ ಏನು ಓದಬೇಕು?" ಎಂಬುದು ಒಂದು. "ಸೂಪರ್ ಕಂಪ್ಯೂಟರ್ ಕೆಲಸ ಅಂದರೆ ಐಐಟಿಯವರಿಗೆ ಮಾತ್ರವಾ ಸರ್?" ಎಂಬುದು ಇನ್ನೊಂದು. ಕೇಳುವವರು ಬೇರೆ ಬೇರೆಯಾದರೂ ನಾನು ಕೊಡುವ ಉತ್ತರದ ಅರ್ಧ ಭಾಗ ಒಂದೇ. ಎರಡೂ ಕಡೆ ನಾಯಕ ಎಂದರೆ ದೊಡ್ಡ ಕೆಲಸವನ್ನು ಸರಿಯಾಗಿ ಹಂಚಿ, ಹಂಚಿದ ಭಾಗಗಳು ಒಂದನ್ನೊಂದು ಕಾಯುತ್ತಾ ಕೂರದಂತೆ ನೋಡಿಕೊಳ್ಳುವವನು. ಉತ್ತರದ ಉಳಿದರ್ಧ ಪರೀಕ್ಷೆ, ವಯಸ್ಸು, ವಿಷಯಗಳಿಗೆ ಸಂಬಂಧಿಸಿದ್ದು. ಅದರಲ್ಲಿ ಕೆಲವು ಬಾಗಿಲುಗಳು ಬೇಗನೆ ಮುಚ್ಚುತ್ತವೆ. ಆದ್ದರಿಂದ ಎರಡನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

1. ಸೂಪರ್ ಕಂಪ್ಯೂಟರ್ ಹೇಗೆ ಕೆಲಸ ಮಾಡುತ್ತದೆ?

ನಾಳೆ ನಮ್ಮ ಕಡೆ ಮಳೆ ಬರುತ್ತದೆಯೇ ಎಂದು ಲೆಕ್ಕ ಹಾಕಬೇಕು ಎಂದುಕೊಳ್ಳಿ. ನಕ್ಷೆಯನ್ನು ನಾಲ್ಕು ಚೌಕ ಮಾಡೋಣ: ಬನಶಂಕರಿ, ಜಯನಗರ, ಜೆ.ಪಿ. ನಗರ, ಬಿಟಿಎಂ ಲೇಔಟ್. ಒಂದೊಂದು ಚೌಕದ ಗಾಳಿ, ಉಷ್ಣತೆ, ತೇವಾಂಶದ ಲೆಕ್ಕವನ್ನು ಒಂದೊಂದು ಪ್ರೊಸೆಸರ್‌ಗೆ ಕೊಡೋಣ. ಒಬ್ಬರೇ ಮಾಡುವ ಕೆಲಸವನ್ನು ನಾಲ್ವರು ಮಾಡಿದರೆ ನಾಲ್ಕು ಪಟ್ಟು ಬೇಗ ಮುಗಿಯಬೇಕಲ್ಲವೇ?

ಹಾಗಾಗುವುದಿಲ್ಲ. ಬನಶಂಕರಿಯ ಗಾಳಿ ಬನಶಂಕರಿಯಲ್ಲೇ ನಿಲ್ಲುವುದಿಲ್ಲ, ಜಯನಗರಕ್ಕೆ ಬೀಸುತ್ತದೆ. ಜಯನಗರದ ಮುಂದಿನ ಹತ್ತು ನಿಮಿಷದ ಲೆಕ್ಕ ಮಾಡಲು ಬನಶಂಕರಿಯ ಗಡಿಯಲ್ಲಿ ಈಗ ಏನಿದೆ ಎಂದು ಗೊತ್ತಿರಬೇಕು. ಅಂದರೆ ಪ್ರತಿ ಹೆಜ್ಜೆಯಲ್ಲೂ ನಾಲ್ಕು ಪ್ರೊಸೆಸರ್‌ಗಳು ತಮ್ಮ ಗಡಿಯ ಸಂಖ್ಯೆಗಳನ್ನು ನೆರೆಯವರಿಗೆ ತಿಳಿಸಬೇಕು. ಒಂದು ತಡಮಾಡಿದರೆ ಉಳಿದ ಮೂರು ಕಾಯಬೇಕು. ಹೀಗೆ ಒಟ್ಟಿಗೆ ನಡೆಯುವ ಲೆಕ್ಕಕ್ಕೆ ಸಮಾಂತರ ಗಣನೆ ಎನ್ನುತ್ತಾರೆ. ಇಂದಿನ ಸೂಪರ್ ಕಂಪ್ಯೂಟರ್ ಎಂದರೆ ಸಾವಿರಾರು ಪ್ರೊಸೆಸರ್‌ಗಳ ಇಂಥದೊಂದು ತಂಡ. ಹೈ ಪರ್ಫಾರ್ಮೆನ್ಸ್ ಕಂಪ್ಯೂಟಿಂಗ್ ಎಂಬ ವಿಷಯದ ತಿರುಳು ಆ ತಂಡವನ್ನು ನಡೆಸುವ ವಿದ್ಯೆ.

2. ನಮ್ಮ ಊರಿನ ಉದಾಹರಣೆ

ನಾಲ್ಕು ಪ್ರೊಸೆಸರ್ ಎಂಬ ಸಂಖ್ಯೆಯನ್ನು ನಾನು ಸುಮ್ಮನೆ ಆರಿಸಿಕೊಳ್ಳಲಿಲ್ಲ. 1986ರಲ್ಲಿ ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿ, ಅಂದರೆ ಇಂದಿನ ಎನ್‌ಎಎಲ್, 'ಫ್ಲೋಸಾಲ್ವರ್' ಎಂಬ ಯಂತ್ರವನ್ನು ಕಟ್ಟಿತು. ಅದರ ಮೊದಲ ಮಾದರಿಯಲ್ಲಿ ಇದ್ದದ್ದು ನಾಲ್ಕೇ ಪ್ರೊಸೆಸರ್. ಅವೂ ಆ ಕಾಲದ ಸಾಮಾನ್ಯ ಇಂಟೆಲ್ 8086 ಚಿಪ್‌ಗಳು. ಭಾರತದಲ್ಲಿ ಸಮಾಂತರ ಕಂಪ್ಯೂಟರ್‌ಗಳ ಚರಿತ್ರೆ ಹೇಳುವವರು ಈ ಯಂತ್ರದಿಂದಲೇ ಶುರು ಮಾಡುತ್ತಾರೆ. ವಿಮಾನದ ರೆಕ್ಕೆಯ ಮೇಲೆ ಗಾಳಿ ಹರಿಯುವ ಬಗೆಯನ್ನು ಲೆಕ್ಕ ಹಾಕುವುದು ಅದರ ಉದ್ದೇಶ. ಹೆಸರೂ ಅದರಿಂದಲೇ ಬಂದದ್ದು. ಮುಂದೆ ಇದೇ ಸಾಲಿನ ಯಂತ್ರಗಳು ಮುಂಗಾರಿನ ಲೆಕ್ಕಕ್ಕೂ ಬಳಕೆಯಾದವು.

ಆಗ ಎನ್‌ಎಎಲ್ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ. ಕೆ.ಆರ್. ಸರ್ಕಲ್ ಹತ್ತಿರದ ಯುವಿಸಿಇಯಲ್ಲಿ ಎಂಜಿನಿಯರಿಂಗ್ ಓದಿದವರು. ಅವರ ತಂದೆ ಆರ್.ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟರು, ಕನ್ನಡದಲ್ಲಿ ವಿಜ್ಞಾನ ಬರೆದವರು. ಯಂತ್ರ ಕಟ್ಟಿದ ತಂಡವನ್ನು ಮುನ್ನಡೆಸಿದವರು ಯು.ಎನ್. ಸಿನ್ಹಾ. ಜಗತ್ತಿನ ಅತಿ ವೇಗದ ಪ್ರೊಸೆಸರ್ ಅವರ ಕೈಯಲ್ಲಿರಲಿಲ್ಲ. ಇದ್ದ ಸಾಧಾರಣ ಪ್ರೊಸೆಸರ್‌ಗಳನ್ನು ಒಟ್ಟಿಗೆ ದುಡಿಸುವುದು ಹೇಗೆ ಎಂದು ಅವರು ಯೋಚಿಸಿದರು.

ಆ ದಶಕದಲ್ಲೇ ಇನ್ನೊಂದು ಸಂಗತಿ ನಡೆಯಿತು. ಹವಾಮಾನ ಮುನ್ಸೂಚನೆಗಾಗಿ ಭಾರತ ಅಮೆರಿಕದಿಂದ ಕ್ರೇ ಸೂಪರ್ ಕಂಪ್ಯೂಟರ್ ಕೇಳಿತು. ಮಳೆಯ ಲೆಕ್ಕ ಮಾಡುವ ಯಂತ್ರ ಶಸ್ತ್ರಾಸ್ತ್ರದ ಲೆಕ್ಕವನ್ನೂ ಮಾಡಬಲ್ಲದು ಎಂಬ ಅನುಮಾನದಿಂದ ಕೇಳಿದ ಮಾದರಿ ಸಿಗಲಿಲ್ಲ. ಅದಕ್ಕಿಂತ ಚಿಕ್ಕದು ಸಿಕ್ಕಿತು. 1988ರಲ್ಲಿ ಸರ್ಕಾರ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಸ್ಥಾಪಿಸಿತು. ವಿಜಯ್ ಭಟ್ಕರ್ ನೇತೃತ್ವದಲ್ಲಿ 1991ರಲ್ಲಿ 'ಪರಮ್ 8000' ಸಿದ್ಧವಾಯಿತು. ಇಂದು ನಮ್ಮ ಐಐಎಸ್‌ಸಿಯಲ್ಲಿರುವ 'ಪರಮ್ ಪ್ರವೇಗ' ಅದೇ ಮನೆತನದ್ದು. ಅದರ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಲೆಕ್ಕ.

3. ಒಂದು ಲೆಕ್ಕ: ಆಮ್ಡಾಲ್ ನಿಯಮ

ಈಗ ನೋಟ್‌ಬುಕ್ ತೆಗೆದುಕೊಳ್ಳಿ. ಗ್ರಂಥಾಲಯಕ್ಕೆ 900 ಹೊಸ ಪುಸ್ತಕ ಬಂದಿವೆ. ಯಾವ ಪುಸ್ತಕಕ್ಕೆ ಯಾವ ಸಂಖ್ಯೆ ಎಂದು ಗ್ರಂಥಪಾಲಕರು ಒಬ್ಬರೇ ಕುಳಿತು ನಿರ್ಧರಿಸಬೇಕು, ಅದಕ್ಕೆ 1 ಗಂಟೆ. ಆಮೇಲೆ ಚೀಟಿ ಅಂಟಿಸುವ ಕೆಲಸ. ಒಬ್ಬರೇ ಮಾಡಿದರೆ 9 ಗಂಟೆ. ಒಟ್ಟು 10 ಗಂಟೆ.

ಚೀಟಿ ಅಂಟಿಸಲು 9 ವಿದ್ಯಾರ್ಥಿಗಳು ಬಂದರೆ 1 + 1 = 2 ಗಂಟೆ. ಕೆಲಸ 5 ಪಟ್ಟು ಬೇಗ ಮುಗಿಯಿತು.

90 ವಿದ್ಯಾರ್ಥಿಗಳು ಬಂದರೆ 1 ಗಂಟೆ + 6 ನಿಮಿಷ. ಸುಮಾರು 9 ಪಟ್ಟು ಮಾತ್ರ.

ಇಡೀ ಕಾಲೇಜೇ ಬಂದರೂ 10 ಪಟ್ಟು ದಾಟುವುದಿಲ್ಲ, ಏಕೆಂದರೆ ಮೊದಲ ಒಂದು ಗಂಟೆಯನ್ನು ಹಂಚಲು ಆಗುವುದಿಲ್ಲ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟ ನಿಯಮ ಇದೇ: ಹಂಚಲಾಗದ ಭಾಗ ಎಷ್ಟಿದೆಯೋ ಅದೇ ಇಡೀ ತಂಡದ ವೇಗಕ್ಕೆ ಮಿತಿ ಹಾಕುತ್ತದೆ.

ಇದು ಯಂತ್ರಗಳ ನಿಯಮ. ಆದರೆ ನಾಯಕತ್ವದ ಬಗ್ಗೆ ನಾನು ಓದಿದ ಎಷ್ಟೋ ಭಾಷಣಗಳಿಗಿಂತ ಇದು ಹೆಚ್ಚು ಕಲಿಸುತ್ತದೆ. ತಂಡದಲ್ಲಿ ಹಂಚಲಾಗದ ಆ ಒಂದು ಗಂಟೆ ಸಾಮಾನ್ಯವಾಗಿ ನಾಯಕನದೇ. ಎಲ್ಲ ಕಾಗದಕ್ಕೂ ತನ್ನ ಸಹಿಯೇ ಬೇಕು, ಎಲ್ಲ ತೀರ್ಮಾನವೂ ತನ್ನಿಂದಲೇ ಆಗಬೇಕು ಎನ್ನುವ ನಾಯಕನ ಕೈಕೆಳಗೆ ನೂರು ಜನರನ್ನು ಕೊಟ್ಟರೂ ಅವರೆಲ್ಲ ಬಾಗಿಲ ಬಳಿ ಕಾಯುತ್ತಿರುತ್ತಾರೆ. ಒಳ್ಳೆಯ ನಾಯಕ ಆ ಒಂದು ಗಂಟೆಯನ್ನು ಅರ್ಧ ಗಂಟೆಗೆ ಇಳಿಸುವುದು ಹೇಗೆ ಎಂದು ನೋಡುತ್ತಾನೆ.

4. ಸೇನೆಯಲ್ಲಿ ಇದೇ ಪಾಠ

ಸೇನಾ ವಿಜ್ಞಾನ ಎಂದರೆ ಬಂದೂಕು ಹಿಡಿಯುವುದು ಮಾತ್ರವಲ್ಲ. ಯುದ್ಧತಂತ್ರ, ಭೂಗೋಳ, ಸಂಪರ್ಕ ವ್ಯವಸ್ಥೆ, ಆಹಾರ ಮತ್ತು ಇಂಧನದ ಸಾಗಣೆ, ಯುದ್ಧಗಳ ಇತಿಹಾಸ ಎಲ್ಲವೂ ಅದರಲ್ಲಿ ಸೇರಿವೆ. ಕಾಲಾಳುಪಡೆಯ ರಚನೆಯನ್ನೇ ನೋಡಿ. ಸುಮಾರು 10 ಜನರ ಒಂದು ಸೆಕ್ಷನ್, ಅದಕ್ಕೊಬ್ಬ ಮುಖ್ಯಸ್ಥ. ಮೂರು ಸೆಕ್ಷನ್ ಸೇರಿ ಒಂದು ಪ್ಲಟೂನ್, ಮೂರು ಪ್ಲಟೂನ್ ಸೇರಿ ಒಂದು ಕಂಪನಿ, ಕಂಪನಿಗಳು ಸೇರಿ ಕರ್ನಲ್ ದರ್ಜೆಯ ಅಧಿಕಾರಿಯ ಕೈಕೆಳಗೆ ಒಂದು ಬೆಟಾಲಿಯನ್. ಕರ್ನಲ್ ಪ್ರತಿಯೊಬ್ಬ ಸೈನಿಕನಿಗೂ ನೇರವಾಗಿ ಆದೇಶ ಕೊಡುವುದಿಲ್ಲ. ಗುರಿ ಏನೆಂದು ಸ್ಪಷ್ಟವಾಗಿ ಹೇಳುತ್ತಾರೆ. ಹೇಗೆ ಮಾಡಬೇಕೆಂಬುದನ್ನು ಆಯಾ ಹಂತದವರು ತೀರ್ಮಾನಿಸುತ್ತಾರೆ. ವೈರ್‌ಲೆಸ್ ಸಂಪರ್ಕ ಕಡಿದುಹೋದರೂ ಸೆಕ್ಷನ್ ನಿಲ್ಲಬಾರದು.

ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನ ಐದು ದಿನ ನಡೆಯುವುದಕ್ಕೂ ಇದೇ ಕಾರಣ. ಹಗ್ಗ, ಹಲಗೆ, ಮರದ ದಿಮ್ಮಿ ಕೊಟ್ಟು ತಂಡವಾಗಿ ಅಡೆತಡೆ ದಾಟಲು ಹೇಳುತ್ತಾರೆ. ಅಲ್ಲಿ ಜೋರಾಗಿ ಕೂಗುವವನಿಗೆ ಅಂಕ ಸಿಗುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಬೇರೆಯವರ ಒಳ್ಳೆಯ ಉಪಾಯವನ್ನು ಗುರುತಿಸುವವರು, ಸುಮ್ಮನಿರುವವನಿಗೂ ಕೆಲಸ ಕೊಡುವವರು ಅಲ್ಲಿ ಕಣ್ಣಿಗೆ ಬೀಳುತ್ತಾರೆ. ಇಂಥ ಒಂದು ಆಯ್ಕೆ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ.

5. ಎರಡು ದಾರಿ ಕೂಡುವ ಜಾಗ

ಈ ಎರಡು ಕ್ಷೇತ್ರಗಳು ಕೂಡುವ ಜಾಗವೂ ನಮ್ಮ ನಗರದಲ್ಲೇ ಇದೆ. ತೇಜಸ್ ಯುದ್ಧವಿಮಾನ ರೂಪುಗೊಂಡದ್ದು ಇಲ್ಲಿ, ಕೋಟಾ ಹರಿನಾರಾಯಣ ಅವರ ನೇತೃತ್ವದಲ್ಲಿ. ತೇಜಸ್ ತಾನಾಗಿ ಸ್ಥಿರವಾಗಿ ಹಾರುವ ವಿಮಾನವಲ್ಲ. ಅದರೊಳಗಿನ ಕಂಪ್ಯೂಟರ್ ಕ್ಷಣಕ್ಷಣವೂ ರೆಕ್ಕೆಯ ಪಟ್ಟಿಗಳನ್ನು ತಿದ್ದುತ್ತಿರಬೇಕು. 1998ರ ಅಣುಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿದಾಗ, ಆ ನಿಯಂತ್ರಣ ವ್ಯವಸ್ಥೆಯ ಕೆಲಸಕ್ಕೆ ಅಲ್ಲಿಗೆ ಹೋಗಿದ್ದ ನಮ್ಮ ಎಂಜಿನಿಯರ್‌ಗಳು ಹಿಂತಿರುಗಬೇಕಾಯಿತು. ಉಳಿದ ಕೆಲಸ ಇಲ್ಲೇ ಮುಗಿಯಿತು. 2001ರ ಜನವರಿ 4ರಂದು ವಿಮಾನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೊದಲ ಬಾರಿಗೆ ಹಾರಿತು. ಸೇನೆಗೆ ಬೇಕಾದ ಕೃತಕ ಬುದ್ಧಿಮತ್ತೆಯ ಸಂಶೋಧನೆ ಮಾಡುವ ಡಿಆರ್‌ಡಿಒದ 'ಕೇರ್' ಪ್ರಯೋಗಾಲಯವೂ 1986ರಿಂದ ಬೆಂಗಳೂರಿನಲ್ಲಿದೆ.

ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಹೆಸರು ನಿಮಗೆಲ್ಲ ಗೊತ್ತು. ಅವರು ಮೊದಲು ಬಯಸಿದ್ದು ವಾಯುಪಡೆಯ ಪೈಲಟ್ ಆಗುವುದನ್ನು. ಡೆಹ್ರಾಡೂನ್ ಆಯ್ಕೆಯಲ್ಲಿ ಇದ್ದ ಜಾಗ 8, ಅವರಿಗೆ ಬಂದದ್ದು 9ನೇ ಸ್ಥಾನ. ಆಮೇಲೆ ಬೆಂಗಳೂರಿನ ಎಡಿಇ ಸಂಸ್ಥೆಯಲ್ಲಿ ಸಣ್ಣ ತಂಡವೊಂದರ ಜೊತೆ 'ನಂದಿ' ಎಂಬ ಹೋವರ್‌ಕ್ರಾಫ್ಟ್ ಕಟ್ಟಿದರು. ರಕ್ಷಣಾ ಸಚಿವ ಕೃಷ್ಣ ಮೆನನ್ ಅದರಲ್ಲಿ ಕುಳಿತು ಸವಾರಿ ಮಾಡಿದರು. ಯೋಜನೆ ಮುಂದೆ ಕೈಬಿಟ್ಟುಹೋಯಿತು. ಆದರೆ ತಂಡ ಕಟ್ಟುವ ಕೆಲಸವನ್ನು ಕಲಾಂ ಕಲಿತದ್ದು ಅಲ್ಲಿ. ಎಸ್‌ಎಲ್‌ವಿ, ಅಗ್ನಿ ಎಲ್ಲ ಆಮೇಲೆ ಬಂದವು.

"ನಮ್ಮಂಥವರಿಗೆ ಅಲ್ಲೆಲ್ಲ ಜಾಗ ಸಿಗುತ್ತದೆಯೇ?" ಎಂಬ ಅಳುಕು ನಿಮ್ಮ ಮನೆಗಳಲ್ಲಿ ಇರಬಹುದು. 1978ರಿಂದ 1981ರವರೆಗೆ ಭಾರತೀಯ ವಾಯುಪಡೆಯ ಮುಖ್ಯಸ್ಥರಾಗಿದ್ದವರು ಹೈದರಾಬಾದಿನ ಇದ್ರಿಸ್ ಹಸನ್ ಲತೀಫ್. 2023ರಲ್ಲಿ ಉಡಾವಣೆಯಾದ ಆದಿತ್ಯ-ಎಲ್1 ಸೌರ ಯೋಜನೆಯ ನಿರ್ದೇಶಕಿ, ಬೆಂಗಳೂರಿನ ಉಪಗ್ರಹ ಕೇಂದ್ರದ ನಿಗಾರ್ ಶಾಜಿ. ಅವರು ತಮಿಳುನಾಡಿನ ಸೆಂಗೋಟ್ಟೈ ಎಂಬ ಚಿಕ್ಕ ಊರಿನವರು. ಈ ಎರಡು ಹೆಸರುಗಳನ್ನು ಮನೆಯಲ್ಲಿ ಹೇಳಿ.

6. ಪಿಯುಸಿ ನಂತರದ ದಾರಿಗಳು

*ಎನ್‌ಡಿಎ:* ಯುಪಿಎಸ್‌ಸಿ ವರ್ಷಕ್ಕೆ ಎರಡು ಬಾರಿ ಪರೀಕ್ಷೆ ನಡೆಸುತ್ತದೆ. ದ್ವಿತೀಯ ಪಿಯುಸಿ ಓದುತ್ತಿರುವಾಗಲೇ ಅರ್ಜಿ ಹಾಕಬಹುದು. ವಯಸ್ಸು ಸುಮಾರು 16½ರಿಂದ 19½ರ ಒಳಗಿರಬೇಕು. ಈ ಬಾಗಿಲು ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ. ಭೂಸೇನೆಗೆ ಯಾವ ವಿಭಾಗದಲ್ಲಿ ಓದಿದವರೂ ಅರ್ಹರು. ನೌಕಾಪಡೆ, ವಾಯುಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ಲಿಖಿತ ಪರೀಕ್ಷೆಯ 900 ಅಂಕಗಳಲ್ಲಿ 300 ಗಣಿತಕ್ಕೆ. ಕಾಮರ್ಸ್, ಆರ್ಟ್ಸ್‌ನವರೂ ಅದನ್ನು ಬರೆಯಲೇಬೇಕು. ಎಸ್‌ಎಸ್‌ಬಿಗೂ 900 ಅಂಕ.

*ಹೆಣ್ಣುಮಕ್ಕಳಿಗೆ:* 2021ರ ಸುಪ್ರೀಂ ಕೋರ್ಟ್ ಆದೇಶದ ನಂತರ ಎನ್‌ಡಿಎ ನಿಮಗೂ ತೆರೆದಿದೆ. ಮೊದಲ ತಂಡದ 17 ಯುವತಿಯರು 2025ರ ಮೇನಲ್ಲಿ ತರಬೇತಿ ಮುಗಿಸಿ ಹೊರಬಂದರು.

*ತಾಂತ್ರಿಕ ಪ್ರವೇಶ:* ಜೆಇಇ ಮೇನ್ ಬರೆದು, ಪಿಸಿಎಂನಲ್ಲಿ ಒಳ್ಳೆಯ ಅಂಕ ಇರುವವರಿಗೆ ಭೂಸೇನೆ ಮತ್ತು ನೌಕಾಪಡೆಯ 10+2 ತಾಂತ್ರಿಕ ಪ್ರವೇಶಗಳಿವೆ. ಎಂಜಿನಿಯರಿಂಗ್ ಪದವಿಯೂ ಅಲ್ಲೇ ಸಿಗುತ್ತದೆ.

*ಪದವಿಯ ನಂತರ:* ಸಿಡಿಎಸ್ ಪರೀಕ್ಷೆ ಇದೆ. ಎನ್‌ಡಿಎ ತಪ್ಪಿದವರು ಎದೆಗುಂದಬೇಕಾಗಿಲ್ಲ.

*ಕಂಪ್ಯೂಟಿಂಗ್:* ಐಐಟಿ ಒಂದೇ ದಾರಿಯಲ್ಲ. ಸಿಇಟಿ ಬರೆದು ಯುವಿಸಿಇಯಂಥ ಸರ್ಕಾರಿ ಕಾಲೇಜಿನಲ್ಲಿ ಓದಬಹುದು. ಗಣಿತ ಇಷ್ಟವಿದ್ದವರಿಗೆ ಮೈಸೂರು ರಸ್ತೆಯ ಐಎಸ್‌ಐ ಕೇಂದ್ರದಲ್ಲಿ ಬಿ.ಮ್ಯಾಥ್ ಇದೆ. ಐಐಎಸ್‌ಸಿಯಲ್ಲಿ ಗಣಿತ ಮತ್ತು ಕಂಪ್ಯೂಟಿಂಗ್ ಬಿ.ಟೆಕ್ ಇದೆ. ಎಂಜಿನಿಯರಿಂಗ್ ನಂತರ ಗೇಟ್ ಪರೀಕ್ಷೆಯ ಮೂಲಕ ಡಿಆರ್‌ಡಿಒ ವಿಜ್ಞಾನಿ ಹುದ್ದೆಗೆ ಪ್ರಯತ್ನಿಸಬಹುದು. ಸಿ-ಡ್ಯಾಕ್ ಕೂಡ ಎಂಜಿನಿಯರ್‌ಗಳನ್ನು ತೆಗೆದುಕೊಳ್ಳುತ್ತದೆ.

ಇವತ್ತೇ ಶುರು ಮಾಡಬಹುದಾದ ಕೆಲಸವೂ ಒಂದಿದೆ. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿರುವ ಯಂತ್ರಗಳೆಲ್ಲ 2017ರ ಕೊನೆಯಿಂದ ನಡೆಯುತ್ತಿರುವುದು ಲಿನಕ್ಸ್ ಮೇಲೆ. ಅದು ಉಚಿತ, ಹಳೆಯ ಲ್ಯಾಪ್‌ಟಾಪ್‌ಗೂ ಹಾಕಬಹುದು. ಆ ಲ್ಯಾಪ್‌ಟಾಪ್‌ನಲ್ಲಿ ನಾಲ್ಕು ಕೋರ್ ಇದ್ದರೆ, 1986ರಲ್ಲಿ ಎನ್‌ಎಎಲ್ ತಂಡದ ಬಳಿ ಇದ್ದಷ್ಟೇ ಪ್ರೊಸೆಸರ್ ನಿಮ್ಮ ಬಳಿಯೂ ಇವೆ, ವೇಗವಂತೂ ಎಷ್ಟೋ ಪಟ್ಟು ಹೆಚ್ಚು. ಪೈಥಾನ್‌ನಲ್ಲಿ ಒಂದು ಲೆಕ್ಕವನ್ನು ನಾಲ್ಕು ಕೋರ್‌ಗೆ ಹಂಚಿ ನೋಡಿ. ಐಐಎಸ್‌ಸಿ ವರ್ಷಕ್ಕೊಮ್ಮೆ ಓಪನ್ ಡೇ ನಡೆಸುತ್ತದೆ. ಬನಶಂಕರಿಯಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಬದಲಾಯಿಸದೆ ಯಶವಂತಪುರದವರೆಗೆ ಹೋಗಬಹುದು. ಅಲ್ಲಿಂದ ಸಂಸ್ಥೆ ಹತ್ತಿರ.

7. ಕೊನೆಯ ಮಾತು: ಜವಾಬ್ದಾರಿ

ಮಳೆಯ ಲೆಕ್ಕ ಮಾಡುವ ಯಂತ್ರವೇ ಕ್ಷಿಪಣಿಯ ಲೆಕ್ಕವನ್ನೂ ಮಾಡುತ್ತದೆ. ಯಂತ್ರಕ್ಕೆ ಎರಡರ ನಡುವಿನ ವ್ಯತ್ಯಾಸ ತಿಳಿಯದು. ಯಂತ್ರ ಕೊಟ್ಟ ಉತ್ತರವನ್ನು ನಂಬಬೇಕೇ, ಆ ಉತ್ತರದಿಂದ ಯಾರ ಜೀವಕ್ಕೆ ಏನಾಗುತ್ತದೆ ಎಂದು ಕೇಳಬೇಕಾದವನು ಮನುಷ್ಯ. ಕೆಲಸವನ್ನು ಹಂಚಬಹುದು, ಈ ಪ್ರಶ್ನೆಯನ್ನು ಹಂಚಲಾಗದು. ಆಮ್ಡಾಲ್ ನಿಯಮದಲ್ಲಿ ಉಳಿದುಬಿಡುವ ಆ ಭಾಗದಂತೆ, ಅದು ನಾಯಕನ ಹೆಗಲ ಮೇಲೇ ಉಳಿಯುತ್ತದೆ.

ನೀವೇ ಮಾಡಿ ನೋಡಿ

1. ಒಂದು ಕೆಲಸದ 20 ಗಂಟೆಗಳಲ್ಲಿ 4 ಗಂಟೆ ಹಂಚಲಾಗದು. 8 ಜನ ಸೇರಿದರೆ ಎಷ್ಟು ಹೊತ್ತು ಬೇಕು? ಎಷ್ಟೇ ಜನ ಸೇರಿದರೂ ಗರಿಷ್ಠ ಎಷ್ಟು ಪಟ್ಟು ವೇಗ ಸಾಧ್ಯ?
2. ನಮ್ಮ ಕಾಲೇಜಿನ ಕ್ರೀಡಾ ದಿನದ ತಯಾರಿಯಲ್ಲಿ ಹಂಚಲಾಗದ ಕೆಲಸಗಳು ಯಾವುವು? ಅವನ್ನು ಕಡಿಮೆ ಮಾಡುವ ಎರಡು ಉಪಾಯ ಬರೆಯಿರಿ.
3. ನಿಮ್ಮ ಹುಟ್ಟಿದ ದಿನಾಂಕ ಇಟ್ಟುಕೊಂಡು, ಎನ್‌ಡಿಎ ಪರೀಕ್ಷೆಯನ್ನು ಎಷ್ಟು ಬಾರಿ ಬರೆಯಬಹುದು ಎಂದು ಲೆಕ್ಕ ಹಾಕಿ.

ಉತ್ತರಗಳನ್ನು ಸ್ಟಾಫ್ ರೂಮಿಗೆ ತಂದು ಕೊಡಿ. ಮೂರನೆಯದರ ಉತ್ತರ 'ಒಂದು' ಎಂದು ಬಂದವರು ಇದೇ ವಾರ ನನ್ನನ್ನು ಕಾಣಿ.